ಟ್ರ್ಯಾಕ್ ಆಯ್ತು, ನಮ್ಮ ಪ್ಯಾಸೆಂಜರ್ ಸ್ಪೀಡು ಯಾವಾಗ?

ಸಂಪಾದಕರೇ, ಬೆಂಗಳೂರು-ಮೈಸೂರು ರೈಲ್ವೆ ಲೈನು ಡಬಲ್ ಆಗಿ, ಕರೆಂಟೂ ಬಂದು ವರ್ಷಗಳೇ ಆಯ್ತು. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಶಸ್ತ್ರಾಗಾರ ದಾರೀಲಿ ಅಡ್ಡ ಇತ್ತು ಅಂತ 2017ರಲ್ಲಿ ಅದನ್ನ ಒಡೀದೆ ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದ್ರಲ್ಲ, ಅದನ್ನ ನೋಡಿ ಭೇಷ್ ಅಂದಿದ್ವಿ. ಈಗ ವಂದೇ ಭಾರತ್ ಈ 138 ಕಿ.ಮೀ.ನ ಹೆಚ್ಚುಕಮ್ಮಿ ಎರಡು ಗಂಟೇಲಿ ಮುಗಿಸುತ್ತೆ, ಸಂತೋಷ, ಆದ್ರೆ ಮದ್ದೂರು, ಮಂಡ್ಯದಿಂದ ದಿನಾ ಕೆಲ್ಸಕ್ಕೆ ಹೋಗೋ ನಾವು ಹತ್ತೋದು ಮೆಮು ಅನ್ನೋ ಕರೆಂಟಿನ ಪ್ಯಾಸೆಂಜರ್ ಟ್ರೈನು, ಅದು ಎಲ್ಲಾ ಸ್ಟೇಷನ್ನಲ್ಲೂ ನಿಲ್ಲಲಿ ಪರ್ವಾಗಿಲ್ಲ, ಹಿಂದಿನ ಟ್ರೈನು ಮುಂದೆ ಹೋಗ್ಲಿ ಅಂತ ಸುಮ್ನೆ ನಿಂತ್ಕೊಳ್ಳೋದೇ ಬೇಜಾರು. ರೈಲ್ವೆಯವರೇ, ಹಳಿಯ ತಿರುವು ನೇರ ಮಾಡಿ ಸ್ಪೀಡು ಏರಿಸೋವಾಗ ಪ್ಯಾಸೆಂಜರ್ ಟೈಮ್‌ಟೇಬಲ್ಲೂ ಸ್ವಲ್ಪ ಬಿಗಿ ಮಾಡಿ.

- ದಿನದ ಪ್ರಯಾಣಿಕ, ಮಂಡ್ಯ