ಕತ್ತಿನ ಮೂಳೆಯ ಎಲ್ಲ ಬಿರುಕೂ ಮುರಿತವಲ್ಲ

ಮಾನ್ಯರೇ,

ಬಿದ್ದು ಕತ್ತಿಗೆ ಪೆಟ್ಟು ಮಾಡಿಕೊಂಡು ಬಂದವರಿಗೆ ಎಕ್ಸ್‌ರೇ ತೆಗೆದು ‘ಮೂಳೆ ಮುರಿದಿಲ್ಲ, ಮನೆಗೆ ಹೋಗಿ’ ಎನ್ನುವುದು ತುರ್ತು ಚಿಕಿತ್ಸಾ ವಿಭಾಗದಲ್ಲಿ ನಿತ್ಯದ ಮಾತು. ಬಹುತೇಕ ಸಲ ಅದು ಸರಿಯೂ ಹೌದು. ತಲೆಬುರುಡೆಯ ಕೆಳಗಿನ ಮೊದಲೆರಡು ಕಶೇರುಮಣಿಗಳ ವಿಷಯದಲ್ಲಿ ಮಾತ್ರ ಈ ತೀರ್ಪು ಎರಡು ಬಗೆಯಲ್ಲಿ ಎಡವಬಹುದು. ಮುರಿದದ್ದು ಕಾಣದೇ ಹೋಗಬಹುದು. ಹುಟ್ಟಿನಿಂದಲೇ ಇದ್ದದ್ದು ಮುರಿದಂತೆ ಕಾಣಬಹುದು. ಎರಡನೆಯದರ ಬಗ್ಗೆ ಮಾತು ಕಡಿಮೆ. ಅದಕ್ಕೇ ಈ ಪತ್ರ.

ಮೊದಲ ಕಶೇರುಮಣಿಯಾದ ಅಟ್ಲಾಸ್ ಬಳೆಯಂತಿದೆ. ಎರಡನೆಯದರಿಂದ ಮೇಲಕ್ಕೆ ಚಾಚಿದ ‘ಡೆನ್ಸ್’ ಎಂಬ ಮೂಳೆ ಅದರೊಳಗೆ ನಿಂತಿರುತ್ತದೆ, ಅದರ ಹಿಂದೆ ಬೆನ್ನುಹುರಿ. ನೂರರಲ್ಲಿ ಸುಮಾರು ನಾಲ್ಕು ಜನರಲ್ಲಿ ಅಟ್ಲಾಸ್‌ನ ಹಿಂಭಾಗ ಪೂರ್ತಿ ಕೂಡಿಕೊಂಡಿರುವುದಿಲ್ಲ. ಮುಂಭಾಗದಲ್ಲಿ ಸೀಳಿರುವವರು ಸಾವಿರಕ್ಕೊಬ್ಬರು. ಎರಡೂ ಕಡೆ ಸೀಳಿದ್ದವರು ಪೆಟ್ಟು ತಿಂದು ಬಂದರೆ, 1920ರಲ್ಲಿ ಜೆಫ್ರಿ ಜೆಫರ್ಸನ್ ವಿವರಿಸಿದ ಅಟ್ಲಾಸ್ ಮುರಿತವೇ ಇದು ಎಂದು ಭಾವಿಸುವುದು ಸುಲಭ. ವ್ಯತ್ಯಾಸ ಇರುವುದು ಅಂಚಿನಲ್ಲಿ. ಹೊಸ ಮುರಿತದ ಅಂಚು ಒರಟು, ಸುತ್ತಲಿನ ಅಂಗಾಂಶ ಊದಿಕೊಂಡಿರಬಹುದು. ಹುಟ್ಟಿನ ಸೀಳಿನ ಅಂಚು ನಯ, ಅದರ ಮೇಲೆ ಗಟ್ಟಿ ಮೂಳೆಯ ಪದರವಿರುತ್ತದೆ. ಇದನ್ನು ನೋಡಲು ಸಿ.ಟಿ. ಸ್ಕ್ಯಾನ್ ಬೇಕು, ಜೊತೆಗೆ ಇಂಥದ್ದೊಂದು ಇರಬಹುದೆಂಬ ಅನುಮಾನವೂ ಬೇಕು.

ಹಾಗೆಂದು ‘ಹುಟ್ಟಿನಿಂದ ಬಂದದ್ದು, ಬಿಡಿ’ ಎನ್ನುವುದೂ ಅಪಾಯ. ಡೆನ್ಸ್‌ನ ತುದಿ ಬುಡದಿಂದ ಬೇರೆಯಾಗಿ, ದುಂಡನೆಯ ಪ್ರತ್ಯೇಕ ಮೂಳೆಯಾಗಿ ಉಳಿದಿರುವ ‘ಆಸ್ ಒಡಾಂಟಾಯ್ಡಿಯಮ್’ ಎಂಬ ಸ್ಥಿತಿಯಿದೆ. ಅದು ಹೊಸ ಮುರಿತವಲ್ಲ. ಆದರೆ ಕೆಲವರಲ್ಲಿ ಅಟ್ಲಾಸ್ ಅದರೊಡನೆ ಹಿಂದೆಮುಂದೆ ಜಾರುತ್ತದೆ, ಅಂಥವರಿಗೆ ಸಣ್ಣ ಪೆಟ್ಟೂ ಬೆನ್ನುಹುರಿಗೆ ಕುತ್ತು ತರಬಲ್ಲದು. ಕೈ ಜೋಮು ಹಿಡಿಯುತ್ತದೆಯೇ, ನಡೆಯುವಾಗ ಕಾಲು ತಪ್ಪುತ್ತದೆಯೇ ಎಂದು ಕೇಳದೆ, ಅಗತ್ಯ ಕಂಡಲ್ಲಿ ಎಂ.ಆರ್.ಐ. ಮಾಡಿಸದೆ ಇವರನ್ನು ಕಳುಹಿಸಕೂಡದು.

ಮಕ್ಕಳ ಕಥೆಯೇ ಬೇರೆ. ಡೆನ್ಸ್ ತನ್ನ ಬುಡದೊಡನೆ ಬೆಸೆದುಕೊಳ್ಳುವುದು ಸಾಮಾನ್ಯವಾಗಿ 3ರಿಂದ 6ನೇ ವರ್ಷದೊಳಗೆ. ಅಲ್ಲಿಯವರೆಗೆ ಎಕ್ಸ್‌ರೇಯಲ್ಲಿ ಕಾಣುವ ಗೆರೆ ಸಹಜವಾದದ್ದು. ಅಟ್ಲಾಸ್ ಮತ್ತು ಡೆನ್ಸ್ ನಡುವಿನ ಅಂತರ ವಯಸ್ಕರಲ್ಲಿ 3 ಮಿ.ಮೀ. ಮೀರಿದರೆ ಅನುಮಾನಿಸಬೇಕು, ಮಕ್ಕಳಲ್ಲಿ 5 ಮಿ.ಮೀ.ವರೆಗೂ ಒಪ್ಪಬಹುದು. ಗಂಟಲಿನ ಸೋಂಕಾದ ಮೇಲೆ ಪೆಟ್ಟೇ ಇಲ್ಲದೆ ಮಗುವಿನ ಕತ್ತು ಓರೆಯಾಗಿ ನಿಂತರೆ ಅದನ್ನು ಉಳುಕು ಎಂದು ತಿಕ್ಕಿಸಲು ಹೋಗಬಾರದು. ಮೊದಲೆರಡು ಮಣಿಗಳು ಸರಿದಿರುವ ಸಾಧ್ಯತೆ ಅಲ್ಲಿದೆ.

ಯಾರಿಗೆ ಚಿತ್ರ ತೆಗೆಯಬೇಕೆಂದು ತೀರ್ಮಾನಿಸಲು ನಾವು ಬಳಸುವ ನಿಯಮಗಳು ಒಳ್ಳೆಯವೇ. ಆದರೆ 2001ರ ಕೆನಡಾದ ನಿಯಮವನ್ನು ರೂಪಿಸಿದ ಅಧ್ಯಯನದಲ್ಲಿ 16 ವರ್ಷದೊಳಗಿನವರನ್ನೂ ಮೊದಲೇ ಬೆನ್ನುಮೂಳೆಯ ರೋಗವಿದ್ದವರನ್ನೂ ಸೇರಿಸಿರಲಿಲ್ಲ. ಅಂದರೆ ನಾನು ಹೇಳುತ್ತಿರುವ ಅನೇಕರು ಆ ನಿಯಮದ ಹೊರಗಿನವರು! ಡೌನ್ ಸಿಂಡ್ರೋಮ್, ರುಮಟಾಯ್ಡ್ ಸಂಧಿವಾತ, ಹುಟ್ಟಿನಿಂದಲೇ ಗಿಡ್ಡವಾಗಿ ಸರಿಯಾಗಿ ತಿರುಗದ ಕತ್ತು ಇವುಗಳಲ್ಲಿ ಯಾವುದಾದರೂ ಇದೆಯೇ ಎಂದು ಕೇಳಲು ಒಂದು ನಿಮಿಷ ಸಾಕು. ಗದ್ದಲದ ರಾತ್ರಿಪಾಳಿಯಲ್ಲಿ ಆ ನಿಮಿಷವೇ ತಪ್ಪಿಹೋಗುತ್ತದೆ, ಒಪ್ಪುತ್ತೇನೆ.

ನನ್ನ ಬೇಡಿಕೆ ದೊಡ್ಡದಲ್ಲ. ಇಂಥ ದೋಷ ಪತ್ತೆಯಾದರೆ ಅದನ್ನು ಬಿಡುಗಡೆ ಪತ್ರದಲ್ಲಿ ರೋಗಿಗೆ ತಿಳಿಯುವ ಭಾಷೆಯಲ್ಲಿ ಬರೆದು, ಸ್ಕ್ಯಾನ್‌ನ ಪ್ರತಿಯನ್ನೂ ಕೊಡಬೇಕು. ಇಲ್ಲದಿದ್ದರೆ ಮುಂದಿನ ಸಲ ಬೇರೊಬ್ಬ ವೈದ್ಯರು ಅದೇ ಸೀಳನ್ನು ಹೊಸ ಮುರಿತವೆಂದು ತಿಳಿದು ವಾರಗಟ್ಟಲೆ ಕಾಲರ್ ಹಾಕಿಸಬಹುದು. ಅದಕ್ಕಿಂತ ಕೆಟ್ಟದ್ದೆಂದರೆ, ಯಾವುದೋ ಶಸ್ತ್ರಚಿಕಿತ್ಸೆಗೆಂದು ಮಲಗಿಸಿದಾಗ, ಕತ್ತು ಸಡಿಲವಿರುವುದು ಗೊತ್ತಿಲ್ಲದ ಅರಿವಳಿಕೆ ತಜ್ಞರು ಉಸಿರಿನ ನಳಿಕೆ ಹಾಕಲು ತಲೆಯನ್ನು ಹಿಂದಕ್ಕೆ ಬಾಗಿಸಬಹುದು.

– ತುರ್ತು ಚಿಕಿತ್ಸಾ ವಿಭಾಗದ ಒಬ್ಬ ವೈದ್ಯೆ