ಅಮ್ಮಾನ್‌ಗೆ ಹೊರಟ ಮಗಳಿಗೆ

ಪುಟ್ಟೀ,

ಎದುರಿಗೆ ಕೂತು ಹೇಳಿದರೆ ಮತ್ತೆ ಜಗಳ ಆಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನಾಡಿದ್ದು ನೀನು ಜೋರ್ಡಾನಿಗೆ ವಿಮಾನ ಹತ್ತುವ ಮೊದಲು ಓದಿದರೆ ಸಾಕು. ಉತ್ತರ ಬೇಡ.

ನಿನ್ನೆ ಊಟಕ್ಕೆ ಕೂತಾಗ ನೀನು ಹೇಳಿದೆ, ಜೋರ್ಡಾನಿನ ದೊರೆ ಹುಸೇನ್, 1990ರಲ್ಲಿ ಕುವೈತ್ ಮೇಲೆ ದಾಳಿ ಮಾಡಿದ ಇರಾಕಿನ ಸದ್ದಾಂ ಪರ ಇರಲಿಲ್ಲ, ಅರಬರ ಜಗಳವನ್ನು ಅರಬರೇ ಬಗೆಹರಿಸಲಿ ಅಂತ ಓಡಾಡಿದರು ಅಂತ. ನನಗೆ ಸಿಟ್ಟು ಬಂತು. ಕುವೈತ್ ಬಿಟ್ಟು ಬರಿಗೈಯಲ್ಲಿ ಬಂದವನ ಎದುರು ಹೀಗೆ ಮಾತಾಡ್ತೀಯಲ್ಲ ಅಂತ. ಗಂಟಲು ಜೋರಾಯಿತು, ನಿನ್ನ ಅಮ್ಮನಿಗೂ ಬೇಜಾರಾಯಿತು, ಬಿಡು. ರಾತ್ರಿ ನಿನ್ನ ಸಂಶೋಧನಾ ಪ್ರಬಂಧದ ಅಧ್ಯಾಯವನ್ನು ಇನ್ನೊಮ್ಮೆ ಓದಿದೆ. 1990ರ ಆಗಸ್ಟ್ 10ರಂದು ಕೈರೋದಲ್ಲಿ ಅರಬ್ ದೇಶಗಳ ಒಕ್ಕೂಟವಾದ ಅರಬ್ ಲೀಗಿನ 12 ಸದಸ್ಯರು ಇರಾಕ್ ವಿರುದ್ಧ ಸೈನ್ಯ ಕಳಿಸಲು ಒಪ್ಪಿದ್ದು, ಜೋರ್ಡಾನ್ ತಕರಾರು ದಾಖಲಿಸಿದ್ದು, ಆಮೇಲೆ ಕೊಲ್ಲಿಯ ದೇಶಗಳು ಅದಕ್ಕೆ ಕೊಡುತ್ತಿದ್ದ ನೆರವು ನಿಲ್ಲಿಸಿದ್ದು, ಎಲ್ಲ ಒಪ್ಪುತ್ತೇನೆ. ಪಕ್ಕದಲ್ಲಿ ಇರಾಕ್, ವ್ಯಾಪಾರವೆಲ್ಲ ಇರಾಕ್ ಜೊತೆ, ಊರೊಳಗೆ ಸದ್ದಾಂಗೆ ಜೈ ಅನ್ನುವ ಜನ. ಆ ದೊರೆ ಇನ್ನೇನು ಮಾಡಬೇಕಿತ್ತು ಅಂತ ನೀನು ಕೇಳುವುದರಲ್ಲೂ ಅರ್ಥವಿದೆ. ಆದರೂ ನನ್ನ ಹೊಟ್ಟೆ ಒಪ್ಪುವುದಿಲ್ಲ.

ಕುವೈತ್‌ನಿಂದ ತಪ್ಪಿಸಿಕೊಂಡು ಬಂದ ಬಾಗ್ದಾದ್ ರಸ್ತೆ, ಜೋರ್ಡಾನ್ ಗಡಿಯ ರುವೈಶೆದ್‌ನ ಮರಳು, ಅಮ್ಮಾನಿನಿಂದ ಬಂದ ಏರ್ ಇಂಡಿಯಾ ವಿಮಾನ, ಅದೆಲ್ಲ ಬೇಡ. ಸಾವಿರ ಸಲ ಕೇಳಿದ್ದೀಯ. ಕೇಳುವಾಗ ಮೊಬೈಲ್ ನೋಡುತ್ತಿದ್ದೆ ಅನ್ನುವುದೂ ನನಗೆ ಗೊತ್ತು.

ನಾನು ಹೇಳಬೇಕಿರುವುದು ದಾಳಿಯ ಹಿಂದಿನ ದಿನ, ಬುಧವಾರದ ವಿಷಯ. ಆಗಸ್ಟ್ 1.

ಕುವೈತ್‌ನ ಶುವೈಖ್‌ನಲ್ಲಿ ನಮ್ಮ ಗೋದಾಮಿತ್ತಲ್ಲ, ಅಲ್ಲಿ ನಾನು ಸ್ಟೋರ್ ಕೀಪರ್. ರೂಮಿನಲ್ಲಿ ಆರೇಳು ಜನ. ಹಾಗಾಗಿ ದುಡ್ಡನ್ನು ಆಫೀಸಿನ ತಿಜೋರಿಯಲ್ಲೇ ಇಟ್ಟಿರುತ್ತಿದ್ದೆ, ಕ್ಯಾಷಿಯರ್ ಚೀಟಿ ಬರೆದು ಕೊಡುತ್ತಿದ್ದ. ಅದು ನಿನ್ನ ಅತ್ತೆಯ ಮದುವೆಯ ದುಡ್ಡು. ಬುಧವಾರ ಮಧ್ಯಾಹ್ನ ತೆಗೆದುಕೊಂಡು ಎಕ್ಸ್‌ಚೇಂಜ್‌ಗೆ ಹೋಗಿ ಕುಂದಾಪುರಕ್ಕೆ ಡಿಡಿ ಕಳಿಸುವುದು ಅಂತ ಇತ್ತು. ಕಳಿಸಲಿಲ್ಲ. ಬಿಸಿಲು ಅಂತಲ್ಲ, ಸೋಮಾರಿತನವೂ ಅಲ್ಲ. ಸೌದಿಯ ಜಿದ್ದಾದಲ್ಲಿ ಇರಾಕ್ ಕುವೈತ್ ಮಾತುಕತೆ ನಡೆಯುತ್ತಿದೆ ಅಂತ ರೇಡಿಯೋದಲ್ಲಿ ಬಂದಿತ್ತು. ಇರಾಕಿನಿಂದ ಸದ್ದಾಂನ ಬಲಗೈ ಇಜ್ಜತ್ ಇಬ್ರಾಹಿಂ, ಕುವೈತಿನಿಂದ ಯುವರಾಜ ಶೇಖ್ ಸಾದ್, ನಡುವೆ ಸೌದಿಯವರು. ಮುಂದಿನ ಸುತ್ತು ಬಾಗ್ದಾದಿನಲ್ಲಂತೆ ಅಂದರು. ಹಾಗಾದರೆ ಶನಿವಾರ ಕಳಿಸಿದರಾಯಿತು ಅಂದುಕೊಂಡೆ. ಗುರುವಾರ ಬೆಳಗಾಗುವ ಮೊದಲೇ ಟ್ಯಾಂಕು ಬಂದವು. ಮುಂದಿನ ವಾರ ತಿಜೋರಿ ಬಾಯಿ ತೆರೆದುಕೊಂಡು ನಿಂತಿತ್ತು.

ತಪ್ಪು ಮಾಡಿದೆ ಅಂತ ನಾನು ಇವತ್ತಿಗೂ ಒಪ್ಪುವುದಿಲ್ಲ, ನಿನ್ನಜ್ಜ ಸಾಯುವವರೆಗೂ ಬೈದರೂ. ಯಾಕೆ ಒಪ್ಪಬೇಕು? ಈಜಿಪ್ಟಿನ ಮುಬಾರಕ್ ಜುಲೈ ಕೊನೆಯ ವಾರ ಬಾಗ್ದಾದಿಗೆ ಹೋಗಿ ಬಂದು, ದಾಳಿ ಆಗುವುದಿಲ್ಲ ಅಂತ ಎಲ್ಲರಿಗೂ ಧೈರ್ಯ ಹೇಳಿದ್ದರು. ಇದು ನನಗೆ ಗೊತ್ತಾಗಿದ್ದೇ ನಿನ್ನ ಅಧ್ಯಾಯದಿಂದ. ಗಡಿಯಲ್ಲಿ ಆಗಲೇ ಸಾವಿರಾರು ಇರಾಕಿ ಸೈನಿಕರು ನಿಂತಿದ್ದರು. ಇರಾನ್ ಯುದ್ಧದ ಸಾಲ ಮನ್ನಾ ಮಾಡಿ, ಎಣ್ಣೆ ಜಾಸ್ತಿ ತೆಗೆದು ಬೆಲೆ ಬೀಳಿಸಬೇಡಿ, ಗಡಿಯ ರುಮೈಲಾ ಬಾವಿಗಳ ಎಣ್ಣೆ ಕದ್ದಿದ್ದೀರಿ ಅಂತ ಸದ್ದಾಂ ಮೇ ತಿಂಗಳಿಂದ ಕೂಗುತ್ತಲೇ ಇದ್ದ. ಅಷ್ಟೆಲ್ಲ ಕಣ್ಣೆದುರಿಗಿದ್ದೂ ಒಬ್ಬ ಅಧ್ಯಕ್ಷ ನಂಬಿದ ಅಂದಮೇಲೆ ಗೋದಾಮಿನ ಸ್ಟೋರ್ ಕೀಪರ್ ನಂಬಿದ್ದು ಯಾವ ಲೆಕ್ಕ? ಇದನ್ನು ಓದಿದಾಗ ನನಗೆ ಎಷ್ಟು ಸಮಾಧಾನವಾಯಿತು ಗೊತ್ತಾ. ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಓದಿದ್ದೇನೆ, ಒಂದು ಪುಟವೂ ಬಿಟ್ಟಿಲ್ಲ. ನಿನ್ನ ಅತ್ತೆಗೂ ಫೋನಿನಲ್ಲಿ ಓದಿ ಹೇಳಿದೆ. ಅವಳಿಗೆ ಏನೂ ಅರ್ಥ ಆಗಲಿಲ್ಲ, ಆದರೆ ಅತ್ತಳು.

ಈಗ ಒಂದು ಮಾತು, ಉಪದೇಶ ಅಂದುಕೊಂಡರೂ ಪರವಾಗಿಲ್ಲ. ಅಮ್ಮಾನಿನಲ್ಲಿ ನೀನು ನಿವೃತ್ತ ರಾಯಭಾರಿಗಳನ್ನೂ ಮಂತ್ರಿಗಳನ್ನೂ ಮಾತಾಡಿಸುತ್ತೀಯ. ಎಲ್ಲರಿಗೂ ವಯಸ್ಸಾಗಿದೆ, ಎಲ್ಲರೂ ಶಾಂತಿಗೆ ಹೋರಾಡಿದವರೇ. ಯಾರೂ ನಾನು ಸುಮ್ನೆ ಕೂತಿದ್ದೆ ಅನ್ನುವುದಿಲ್ಲ. ಸಭೆಯಲ್ಲಿ ನೀವು ಏನು ಹೇಳಿದಿರಿ ಅಂತ ಮೊದಲೇ ಕೇಳಬೇಡ. ಆ ವಾರ ನಿಮ್ಮ ಹೆಂಡತಿ ಮಕ್ಕಳು ಎಲ್ಲಿದ್ದರು, ದುಡ್ಡು ಎಲ್ಲಿತ್ತು ಅಂತ ಕೇಳು. ಮಾತುಕತೆಯನ್ನು ನಿಜಕ್ಕೂ ನಂಬಿದವನು ಮಕ್ಕಳನ್ನು ಮನೆಯಲ್ಲೇ ಇಟ್ಟುಕೊಂಡಿರುತ್ತಾನೆ. ಆಗಸ್ಟ್ ತಿಂಗಳು, ಸೆಖೆಗೆ ಹೆದರಿ ದೊಡ್ಡವರೆಲ್ಲ ಯುರೋಪಿಗೆ ಹೋಗಿರುತ್ತಿದ್ದರು, ಅದೂ ನಿಜ. ಅದಕ್ಕೇ ಟಿಕೆಟ್ ಯಾವಾಗ ತೆಗೆಸಿದ್ದು ಅಂತಲೂ ಕೇಳು. ನಿನ್ನ ಗೈಡ್‌ಗೆ ಇದು ಬಾಲಿಶ ಅನ್ನಿಸಬಹುದು. ಅನ್ನಿಸಲಿ.

ಇನ್ನೊಂದು ವಿಷಯ, ನಿನ್ನ ಪಟ್ಟಿಯಲ್ಲಿರುವ ಜಿನೀವಾ ಕಡತಗಳದ್ದು. ವಿಶ್ವಸಂಸ್ಥೆಯ ಪರಿಹಾರ ಆಯೋಗ ಆ ದಾಳಿಯಲ್ಲಿ ನಷ್ಟವಾದವರಿಗೆ ಇರಾಕಿನ ಎಣ್ಣೆ ದುಡ್ಡಿನಿಂದ ಒಟ್ಟು 5,240 ಕೋಟಿ ಡಾಲರ್ ಹಂಚಿತು, ಕೊನೆಯ ಕಂತು 2022ರ ಜನವರಿಯಲ್ಲಿ ಮುಗಿಯಿತು ಅಂತ ಬರೆದಿದ್ದೀಯ. ಸರಿ. ಆದರೆ ಕಡತದಲ್ಲಿ ಇರುವಷ್ಟೇ ನಷ್ಟ ಆಗಿತ್ತು ಅಂದುಕೊಳ್ಳಬೇಡ. ದೇಶ ಬಿಟ್ಟು ಬಂದ ಒಬ್ಬಂಟಿಗೆ 2,500 ಡಾಲರ್, ಬೇರೆ ಯಾವ ಕ್ಲೈಮೂ ಹಾಕುವುದಿಲ್ಲ ಅಂತ ಬರೆದುಕೊಟ್ಟರೆ 4,000. ಬೇರೆ ಕ್ಲೈಮ್‌ಗೆ ಸಾಕ್ಷಿ ಬೇಕು, ಕ್ಯಾಷಿಯರ್ ಚೀಟಿ ರುವೈಶೆದ್‌ವರೆಗೂ ಬರಲಿಲ್ಲ. ನಾನು 4,000ಕ್ಕೆ ಸಹಿ ಹಾಕಿದೆ. ಹಾಗಾಗಿ ಅತ್ತೆಯ ಮದುವೆ ದುಡ್ಡು ಜಗತ್ತಿನ ಯಾವ ಕಾಗದದಲ್ಲೂ ಇಲ್ಲ. ನನ್ನಂಥವರು ಇನ್ನೆಷ್ಟು ಜನರೋ.

ಭಯವನ್ನೂ ಹೇಳಿಬಿಡುತ್ತೇನೆ. 2024ರ ಏಪ್ರಿಲ್‌ನಲ್ಲಿ ಇಸ್ರೇಲಿಗೆ ಹೊರಟ ಇರಾನಿನ ಡ್ರೋನುಗಳು ಜೋರ್ಡಾನಿನ ಆಕಾಶದಲ್ಲೇ ಬಂದವು, ಕೆಲವನ್ನು ಜೋರ್ಡಾನೇ ಹೊಡೆದು ಹಾಕಿತು. ನಿನಗೆ ಅದು ಒಂದು ಅಡಿಟಿಪ್ಪಣಿ ಇರಬಹುದು. ನಾನು ಆವತ್ತು ಟಿವಿ ಮುಂದೆ ಕೂತು, ನೀನು ಅಲ್ಲಿಗೆ ಹೋಗುವುದು ಇನ್ನೂ ನಿಕ್ಕಿ ಆಗಿಲ್ಲವಲ್ಲ ಅಂತ ದೇವರಿಗೆ ಕೈ ಮುಗಿದಿದ್ದೆ. ಈಗ ನಿಕ್ಕಿ ಆಗಿದೆ. ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸು. ಕೈಯಲ್ಲಿ ಡಾಲರ್ ಇಟ್ಟುಕೊ. ಮಾತುಕತೆ ಮುಂದುವರಿಯುತ್ತದೆ ಅಂತ ಸುದ್ದಿಯಲ್ಲಿ ಬಂದ ದಿನವೇ ಟಿಕೆಟ್ ನೋಡು, ಶನಿವಾರದವರೆಗೆ ಕಾಯಬೇಡ.

ಮತ್ತೆ, ಇಂಟರ್‌ವ್ಯೂ ಕೊಡು ಅಂತ ಎರಡು ವರ್ಷದಿಂದ ಕೇಳುತ್ತಿದ್ದೀಯಲ್ಲ. ಕೊಡುತ್ತೇನೆ. ಅಲ್ಲಿಂದ ಫೋನಿನಲ್ಲೇ ಮಾಡು, ನಿಮಗೂ ನಮಗೂ ಎರಡೂವರೆ ಗಂಟೆ ವ್ಯತ್ಯಾಸ, ಸಂಜೆ ಆದರೆ ಒಳ್ಳೆಯದು. ಹೆಸರು ಹಾಕಬೇಡ, ಶುವೈಖ್‌ನ ಒಬ್ಬ ಸ್ಟೋರ್ ಕೀಪರ್ ಅಂತ ಬರಿ. ಪ್ರಶ್ನೆಯನ್ನು ಕನ್ನಡದಲ್ಲೇ ಕೇಳು. ಅಮ್ಮ ದೇವಸ್ಥಾನಕ್ಕೆ ಹೋಗಿರುವ ಹೊತ್ತು ನೋಡಿ ಮಾಡು, ಆ ತಿಜೋರಿಯಲ್ಲಿ ಎಷ್ಟಿತ್ತು ಅಂತ ಅವಳಿಗೆ ನಾನು ಇನ್ನೂ ನಿಜ ಹೇಳಿಲ್ಲ.

ಅಪ್ಪ