ವಿಭಜಕಕ್ಕೆ ತಂಗಡಿ ಸರಿ, ನೆಡುವ ಕ್ರಮ ಸರಿಯಿರಲಿ

ಮಾನ್ಯ ಸಂಪಾದಕರೇ,

ಮೈಸೂರು, ಮಂಡ್ಯದ ರಸ್ತೆ ವಿಭಜಕಗಳಲ್ಲಿ ಬೇಸಿಗೆಯಿಡೀ ಟ್ಯಾಂಕರ್ ನೀರು ಕುಡಿದು ಬದುಕುವ ಗಿಡಗಳ ಬದಲು ನಮ್ಮದೇ ತಂಗಡಿ, ಅಂದರೆ ಆವರಿಕೆ ಹಾಕಬಾರದೇಕೆ ಎಂದು ಕೇಳುವವರಿದ್ದಾರೆ. ಧಾರಾಳವಾಗಿ ಹಾಕಬಹುದು. ನಾಗಮಂಗಲದ ಬೋರೆಗಳಲ್ಲಿ, ಮೇಲುಕೋಟೆ ಬೆಟ್ಟದ ತಪ್ಪಲಲ್ಲಿ ಯಾರೂ ನೀರೆರೆಯದೆ ಆಳೆತ್ತರ ಬೆಳೆದು ಹೂ ಬಿಡುವ ಗಿಡ. ದನ ಬಾಯಿ ಹಾಕುವುದಿಲ್ಲ. ಆದರೆ ಗಟ್ಟಿ ಗಿಡವೆಂದು ಹೇಗೆ ಬೇಕೋ ಹಾಗೆ ನೆಟ್ಟರೆ ಉಳಿಯದು.

ಮೊದಲ ತೊಡಕು ಬೀಜದ್ದು. ಚಪ್ಪಟೆ ಕಾಯಿ ಒಣಗಿ ಕಂದಾದ ಮೇಲೆ ಬಿಡಿಸಿ, ತೂತು ಬಿದ್ದ ಬೀಜಗಳನ್ನು ತೆಗೆದುಹಾಕಬೇಕು. ಅವುಗಳೊಳಗೆ ಹುಳು ಸೇರಿರುತ್ತದೆ. ಸಿಪ್ಪೆ ಬಲು ಗಟ್ಟಿ. ಹಾಗೇ ಬಿತ್ತಿದರೆ ಅಲ್ಲೊಂದು ಇಲ್ಲೊಂದು ಮೊಳೆತು, ಉಳಿದವು ತಿಂಗಳುಗಟ್ಟಲೆ ಮಣ್ಣಿನಲ್ಲೇ ಬಿದ್ದಿರುತ್ತವೆ. ನೀರು ಕುದಿಸಿ, ಒಲೆಯಿಂದ ಇಳಿಸಿದ ಮೇಲೆ ಬೀಜ ಹಾಕಿ ರಾತ್ರಿಯಿಡೀ ಬಿಡಿ. ಒಲೆಯ ಮೇಲೆಯೇ ಕುದಿಸಿದರೆ ಬೀಜ ಬೆಂದುಹೋಗುತ್ತದೆ. ಬೆಳಿಗ್ಗೆ ಉಬ್ಬಿದವನ್ನು ಬಿತ್ತಿ, ಉಬ್ಬದವನ್ನು ಉಪ್ಪುಕಾಗದಕ್ಕೆ ಉಜ್ಜಿ ಮತ್ತೆ ನೆನೆಹಾಕಿ.

ಸಾಧ್ಯವಾದಲ್ಲೆಲ್ಲ ನೆಲಕ್ಕೇ ಬಿತ್ತುವುದು ಮೇಲು. ಇದರ ತಾಯಿಬೇರು ನೆಟ್ಟಗೆ ಆಳಕ್ಕಿಳಿಯುತ್ತದೆ. ವರ್ಷಗಟ್ಟಲೆ ಚೀಲದಲ್ಲಿಟ್ಟ ಸಸಿಯ ಬೇರು ತಳದಲ್ಲಿ ಸುರುಳಿ ಸುತ್ತಿಕೊಂಡು, ನೆಟ್ಟ ಮೇಲೂ ಬಿಚ್ಚಿಕೊಳ್ಳದೆ, ಒಂದೆರಡು ಬೇಸಿಗೆಯಲ್ಲೇ ಗಿಡ ಒಣಗುತ್ತದೆ. ನಾಲ್ಕಡಿಗೊಂದರಂತೆ ಒಂದಡಿ ಆಳ ಮಣ್ಣು ಸಡಿಲಿಸಿ, ಕಾಂಕ್ರೀಟ್ ಚೂರು ಆರಿಸಿ, ಅರ್ಧ ಇಂಚು ಆಳದಲ್ಲಿ ಮೂರು ಬೀಜ ಹಾಕಿ. ಗೇಣುದ್ದ ಬಂದಾಗ ಚೆನ್ನಾಗಿರುವ ಒಂದನ್ನು ಉಳಿಸಿದರೆ ಸಾಕು. ಸಸಿಯೇ ಬೇಕೆಂದರೆ ಆರು ಇಂಚು ಅಗಲ, ಒಂಬತ್ತು ಇಂಚು ಉದ್ದದ ಚೀಲಕ್ಕೆ ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕೊಟ್ಟಿಗೆ ಗೊಬ್ಬರ ತುಂಬಿ ಬೆಳೆಸಿ, ಮೂರ್ನಾಲ್ಕು ತಿಂಗಳೊಳಗೆ ನೆಲ ಸೇರಿಸಿ. (ದ್ವಿದಳ ಜಾತಿಯದ್ದಾದರೂ ಇದರ ಬೇರಿನಲ್ಲಿ ಮಣ್ಣಿಗೆ ಸಾರಜನಕ ಸೇರಿಸುವ ಗಂಟು ಕಟ್ಟುವುದಿಲ್ಲ, ಮಣ್ಣು ಫಲವತ್ತಾದೀತೆಂಬ ಲೆಕ್ಕದಲ್ಲಿ ನೆಡುವುದು ಬೇಡ.)

ಹೊತ್ತು ನೋಡಿ ಬಿತ್ತಬೇಕು. ನಮ್ಮ ಕಡೆ ಮೇ ತಿಂಗಳಲ್ಲೊಮ್ಮೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲೊಮ್ಮೆ ಮಳೆ ಜೋರು; ನಡುವೆ ಜೂನ್, ಜುಲೈ ತೆಳು. ಜೂನ್ 5ರ ಪರಿಸರ ದಿನದಂದು ಫೋಟೊಕ್ಕೆಂದು ನೆಟ್ಟ ಸಸಿಗಳ ಪಾಡು ಗೊತ್ತಿರುವುದೇ. ಹುಬ್ಬೆ ಮಳೆಗೆ (ಸೆಪ್ಟೆಂಬರ್ ಮೊದಲರ್ಧ) ಬಿತ್ತಿದರೆ ಸ್ವಾತಿವರೆಗೆ (ನವೆಂಬರ್ ಮೊದಲ ವಾರ) ನೆಲದಲ್ಲಿ ಹದ ಇರುತ್ತದೆ. ಮೊದಲ ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಒಂದು ಬಿಂದಿಗೆ ನೀರು, ಆಮೇಲೆ ಅದೂ ಬೇಡ. ದಿನಾ ನೀರು ಬಿಟ್ಟರೆ, ಅದರಲ್ಲೂ ನೀರು ನಿಲ್ಲುವ ಎರೆಮಣ್ಣಿನಲ್ಲಿ, ಬೇರು ಕೊಳೆಯುತ್ತದೆ.

ಎಲ್ಲಕ್ಕಿಂತ ದೊಡ್ಡ ಶತ್ರು ಬೇಲಿ ಕತ್ತರಿ. ಹೂಗೊಂಚಲು ಬರುವುದು ಚಿಗುರಿನ ತುದಿಗೆ. ತಿಂಗಳಿಗೊಮ್ಮೆ ತಲೆ ಸವರಿದರೆ ಹಸಿರು ಗೋಡೆ ಉಳಿಯುತ್ತದೆ, ಹೂವಿರುವುದಿಲ್ಲ. ಹೂವಿಲ್ಲದಿದ್ದರೆ ದುಂಬಿಯೂ ಇಲ್ಲ. ಈ ಹೂವಿನಲ್ಲಿ ಮಕರಂದವಿಲ್ಲ, ಪರಾಗ ಮಾತ್ರ. ಕೇಸರದ ತುದಿಯ ಸಣ್ಣ ರಂಧ್ರದಿಂದ ಅದನ್ನು ಉದುರಿಸಲು ಕರಿದುಂಬಿ ಹೂವನ್ನು ತಬ್ಬಿ ಝುಂಯ್ ಎಂದು ಮೈ ನಡುಗಿಸುತ್ತದೆ. ಕತ್ತರಿ ವರ್ಷಕ್ಕೊಮ್ಮೆ ಸಾಕು: ಏಪ್ರಿಲ್‌ನಲ್ಲಿ, ಭರಣಿ ಮಳೆಗೆ ಮುಂಚೆ, ಎರಡಡಿ ಬಿಟ್ಟು ಸವರಿದರೆ ಬುಡದಿಂದ ಹೊಸದಾಗಿ ಚಿಗುರುತ್ತದೆ.

ಇನ್ನು ಗುತ್ತಿಗೆ ಕೊಡುವವರಿಗೆ ಒಂದು ಮಾತು. ಬರೀ ‘ತಂಗಡಿ’ ಎಂದು ಬರೆದರೆ ಮರವಾಗುವ ಸೀಮೆ ತಂಗಡಿ ಬಂದೀತು. ‘ಹಳದಿ ಹೂವಿನ ಸೆನ್ನಾ’ ಎಂದರೆ ಬಂಡೀಪುರ, ನಾಗರಹೊಳೆ ಕಾಡನ್ನು ಆಕ್ರಮಿಸುತ್ತಿರುವ ಅಮೆರಿಕ ಮೂಲದ ಸೆನ್ನಾ ಸ್ಪೆಕ್ಟಾಬಿಲಿಸ್ ಬಂದೀತು. ಆದೇಶದಲ್ಲಿ ತಂಗಡಿಯ ವೈಜ್ಞಾನಿಕ ಹೆಸರು, ಸೆನ್ನಾ ಆರಿಕ್ಯುಲೇಟಾ ಎಂದೇ ಬರೆಯಿರಿ. ಸಸಿ ಇಳಿಸಿಕೊಳ್ಳುವಾಗ ಎಲೆದಂಟಿನ ಬುಡ ನೋಡಿ: ಕಿವಿಯಾಕಾರದ ಅಗಲವಾದ ಪುಟ್ಟ ಎಲೆಗಳು ಕಾಂಡವನ್ನು ಅಪ್ಪಿಕೊಂಡಿದ್ದರೆ ಅದು ತಂಗಡಿ. ಬೀಜ ತರುವುದಾದರೆ ಕಾಯಿಸಮೇತ ತರಿಸಿ. ತಂಗಡಿಯದು ಕಾಗದದಂತೆ ತೆಳುವಾದ ಚಪ್ಪಟೆ ಕಾಯಿ. ಕೋಲಿನಂತೆ ದುಂಡಗಿದ್ದರೆ ವಾಪಸು ಕಳಿಸಿ.

– ಕೆಲವು ಸಸ್ಯಪಾಲಕರು, ಮೈಸೂರು